ಪಾಲಿಗೆ ಸಾಕಿದ ಕಾರ್ಖಾನೆ

ಆ ಕಾಗದದ ಮೇಲಿರುವ ಹೆಬ್ಬೆಟ್ಟು ಸಕ್ರವ್ವನದಲ್ಲ. ನನ್ನದು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ ಹೇಳಲಿಲ್ಲ. ನನಗೆ ಓದು ಬರಹ ಬರುವುದಿಲ್ಲ. ನಾನು ಹೇಳುತ್ತೇನೆ, ನನ್ನ ಮಗಳು ಶಹಜಾದಿ ಬರೆದುಕೊಳ್ಳುತ್ತಾಳೆ. ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಳೆ. ಅವಳ ಶಾಲೆಗೂ ಈ ಹೆಬ್ಬೆಟ್ಟಿಗೂ ಸಂಬಂಧವಿದೆ. ಅದನ್ನೂ ಬರೆ ಎಂದಿದ್ದೇನೆ.

ನನ್ನ ಹೆಸರು ಮುನೀರಾ. ತಿಕೋಟಾದವಳು. ಗಂಡ ಮೌಲಾಸಾಬ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ಒಂದು ದಿನ ಬಂಡಿಯ ಮೇಲೆಯೇ ಕುಸಿದು ಸತ್ತ. ಆಗ ಶಹಜಾದಿಗೆ ಎಂಟು ವರ್ಷ. ನಮ್ಮ ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಬಸಗೊಂಡಪ್ಪ ಸಾಹುಕಾರರ ದನದ ಕೊಟ್ಟಿಗೆ ಇತ್ತು. ಎಲ್ಲ ಶುರುವಾದದ್ದು ಆ ಕೊಟ್ಟಿಗೆಯಲ್ಲಿ.

ಸಾಹುಕಾರರಿಗೆ ಎಂಬತ್ತು ಕುರಿ ಇದ್ದವು. ಅವನ್ನು ಬಿಜ್ಜರಗಿಯ ಬೀರಣ್ಣ ಪಾಲಿಗೆ ಸಾಕುತ್ತಿದ್ದ. ಪಾಲು ಎಂದರೆ ಹೀಗೆ. ಕುರಿ ಧಣಿಯದು, ದುಡಿಮೆ ಕುರುಬನದು. ಕೂಲಿ ಇಲ್ಲ. ಹೊಟ್ಟೆಗಾಗುವಷ್ಟು ಜೋಳ, ಅಷ್ಟೇ. ಬಿಸಿಲು, ಮಳೆ, ತೋಳ, ರೋಗ ಎಲ್ಲವನ್ನೂ ಕುರುಬ ನೋಡಿಕೊಳ್ಳಬೇಕು. ಕೆಲವು ವರ್ಷ ಕಳೆದ ಮೇಲೆ ಧಣಿಯೇ ಒಂದು ದಿನ ಗೊತ್ತುಮಾಡುತ್ತಾನೆ. ಅಂದು ಹಟ್ಟಿಯ ಮುಳ್ಳುಬೇಲಿಯಲ್ಲಿ ಒಂದು ಸಂದು ಬಿಟ್ಟು ಹಿಂಡನ್ನು ಹೊರಗೆ ಬಿಡುತ್ತಾರೆ. ಮೂಲದ ಕುರಿಗಳು ಧಣಿಗೆ. ಹೆಚ್ಚಾದದ್ದರಲ್ಲಿ ಒಂದು ಧಣಿಗೆ, ಒಂದು ಕುರುಬನಿಗೆ. ಕಡೆಯ ಮರಿಯವರೆಗೂ ಹಾಗೆಯೇ. ಅಲ್ಲಿಯವರೆಗೆ ಕುರುಬ ಬಾಯಿಬಿಟ್ಟು ಪಾಲು ಕೇಳುವಂತಿಲ್ಲ. ಕೇಳಿದರೆ ಧಣಿಯ ಮಾತಿನಲ್ಲಿ ನಂಬಿಕೆ ಇಲ್ಲ ಎಂದ ಹಾಗೆ. ಹಾಗೆ ಕೇಳಿದವನಿಗೆ ಸುತ್ತಲಿನ ಊರುಗಳಲ್ಲಿ ಮತ್ತೆ ಯಾರೂ ಕುರಿ ಕೊಡುವುದಿಲ್ಲ. ಕಾಗದವಿಲ್ಲ, ಪತ್ರವಿಲ್ಲ. ಬೀರದೇವರ ಭಂಡಾರ ಎಂದು ಅರಿಸಿನದ ಪುಡಿಯನ್ನು ಹಣೆಗೆ ಹಚ್ಚುತ್ತಾರೆ. ಅದೇ ಕಾಗದ.

ಬೀರಣ್ಣ ಮತ್ತು ಅವನ ಹೆಂಡತಿ ಸಕ್ರವ್ವ ಇದರಲ್ಲೇ ಬೆಳೆದವರು. ಬೇರೆ ವ್ಯವಹಾರ ಅವರಿಗೆ ಗೊತ್ತಿರಲಿಲ್ಲ.

ಎಪ್ಪತ್ತೊಂದರ ಮಳೆಗಾಲದಲ್ಲಿ ಕುರಿಗಳಿಗೆ ರೋಗ ಬಿತ್ತು. ಎಂಬತ್ತರಲ್ಲಿ ಹನ್ನೊಂದು ಉಳಿದವು. ಸಾಹುಕಾರರು ಆ ಹನ್ನೊಂದನ್ನೂ ಮಾರಿ ಸೊಲ್ಲಾಪುರಕ್ಕೆ ಹೋದರು. ಬರುವಾಗ ಒಂದು ದೊಡ್ಡ ಕೊಪ್ಪರಿಗೆ, ಎರಡು ಡಬ್ಬಿ ಕಾಸ್ಟಿಕ್ ಸೋಡಾ ತಂದರು. ಬಟ್ಟೆ ಒಗೆಯುವ ಸಾಬೂನು ಮಾಡುತ್ತೇನೆ ಎಂದರು. ಊರವರು ನಕ್ಕರು. ಅಣ್ಣತಮ್ಮಂದಿರು ಬೇರೆಯಾದರು. ಸಂಬಳ ಕೊಟ್ಟು ಆಳು ಇಟ್ಟುಕೊಳ್ಳುವ ಶಕ್ತಿ ಅಂದು ಅವರಿಗೆ ಇರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ.

ಕೊಪ್ಪರಿಗೆ ಇಟ್ಟ ದಿನ ನಾನು ಕೆಲಸ ಕೇಳಲು ಹೋಗಿದ್ದೆ. ಬೀರಣ್ಣ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಸತ್ತ ಕುರಿಗಳಿಗೆ ತಾನೇ ಹೊಣೆ ಎಂಬಂತೆ ತಲೆ ತಗ್ಗಿಸಿದ್ದ. ಸಾಹುಕಾರರು ಅವನ ಹತ್ತಿರ ಹೋಗಿ ಅಂದರು.

"ಬೀರಣ್ಣ, ಹ್ವಾದುವು ಅಂತ ಎದಿ ಒಡಕೋಬ್ಯಾಡ. ಇದೂ ಒಂದ ಮರಿ ಅನ್ಕೋ. ಸಾಕಿ ದೊಡ್ಡದ ಮಾಡು. ಕುರಿ ಹೆಂಗೋ ಇದೂ ಹಂಗ."

ಬೀರಣ್ಣ ಎದ್ದ. ಸೊಂಟದ ಚೀಲದಿಂದ ಭಂಡಾರ ತೆಗೆದು ಕೊಪ್ಪರಿಗೆಗೆ ಹಚ್ಚಿದ. ಚೀಲವನ್ನು ಸಾಹುಕಾರರ ಮುಂದೆ ಹಿಡಿದ. ಸಾಹುಕಾರರು ಒಂದು ಚಿಟಿಕೆ ತೆಗೆದುಕೊಂಡು ಅವನ ಹಣೆಗೆ ಹಚ್ಚಿದರು. ಆಮೇಲೆ ಸಕ್ರವ್ವನ ಹಣೆಗೂ. ನಾನು ಕಣ್ಣಾರೆ ನೋಡಿದೆ. ಆ ಭಂಡಾರದ ಅರ್ಥ ತಿಳಿಯದ ಮನುಷ್ಯ ಅವರಲ್ಲ. ಇಪ್ಪತ್ತು ವರ್ಷ ಕುರಿಯನ್ನು ಪಾಲಿಗೆ ಕೊಟ್ಟವರು.

ನನಗೆ ಕೂಲಿ ಗೊತ್ತಾಯಿತು. ನೂರು ಸಾಬೂನು ಕಾಗದದಲ್ಲಿ ಸುತ್ತಿದರೆ ಇಷ್ಟು ಎಂದು. ದಿನದ ದಿನ ಕೊಡುತ್ತಿದ್ದರು. ಅವರಿಬ್ಬರಿಗೆ ತಿಂಗಳಿಗೊಂದು ಚೀಲ ಜೋಳ, ಉಪ್ಪು, ಖಾರ. ಕೊಟ್ಟಿಗೆಯ ಪಕ್ಕದಲ್ಲೇ ಒಂದು ಗುಡಿಸಲು. ಸಂಜೆ ನಾನು ಚಿಲ್ಲರೆಯನ್ನು ಸೆರಗಿಗೆ ಕಟ್ಟಿಕೊಳ್ಳುವಾಗ ಸಕ್ರವ್ವ ಕಾಡಿಸುತ್ತಿದ್ದಳು.

"ಕಟ್ಟಿಕೋ ಬೇ ಮುನೀರಾ, ಬಿಗ್ಯಾಗಿ ಕಟ್ಟಿಕೋ. ನೀ ಕೂಲ್ಯಾಕಿ. ನಾ ಪಾಲಿನಾಕಿ."

ನಾನೂ ಬಿಡುತ್ತಿರಲಿಲ್ಲ. ಪಾಲಿನವರು ಇಂದು ರೊಟ್ಟಿಗೆ ಏನು ಹಚ್ಚಿಕೊಂಡು ತಿನ್ನುತ್ತೀರಿ ಎಂದು ಕೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಸಾಬೂನು ಮಾಡುವುದನ್ನು ನೋಡದವರಿಗೆ ಅದು ತಿಳಿಯುವುದಿಲ್ಲ. ಕಾಸ್ಟಿಕ್ ಸೋಡಾ ಬಿಳಿ ಹಳುಕು ಹಳುಕಾಗಿ ಇರುತ್ತದೆ. ನೀರು ತಾಗಿದರೆ ಬೆಂಕಿ ಇಲ್ಲದೆಯೇ ಕುದಿಯುತ್ತದೆ. ಹೊಗೆ ಮೂಗಿಗೆ ಹೋದರೆ ಉಸಿರು ಕಟ್ಟುತ್ತದೆ. ಡಬ್ಬಿಯಲ್ಲಿ ಗಟ್ಟಿಯಾದದ್ದನ್ನು ಸಕ್ರವ್ವ ಕಲ್ಲಿನಿಂದ ಒಡೆದು ಬರಿಗೈಯಲ್ಲಿ ಆರಿಸುತ್ತಿದ್ದಳು. ಕೈಗೆ ಕಟ್ಟಿಕೊಂಡ ಅರಿವೆ ಒಂದೇ ವಾರಕ್ಕೆ ತೂತು ಬೀಳುತ್ತಿತ್ತು. ಕುಸುಬಿ ಎಣ್ಣೆಯ ತಳದ ಗಸಿ, ಸೋಡಾ ನೀರು ಕೂಡಿಸಿ ಬೇವಿನ ಕಟ್ಟಿಗೆಯ ಉದ್ದ ಹುಟ್ಟಿನಿಂದ ತಿರುವಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ. ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಒಡೆದುಹೋಗುತ್ತದೆ. ಬೀರಣ್ಣನ ಅಂಗೈಯ ಚರ್ಮ ಹುಟ್ಟಿಗೇ ಅಂಟಿಕೊಂಡು ಬರುತ್ತಿತ್ತು.

ಹದ ನೋಡುವುದು ನಾಲಿಗೆಯಿಂದ. ಸಾಹುಕಾರರಿಗೆ ಅದು ಬರುತ್ತಿರಲಿಲ್ಲ. ಒಂದು ಹನಿಯನ್ನು ಹೆಬ್ಬೆಟ್ಟಿನ ಮೇಲೆ ತೆಗೆದು ಬೀರಣ್ಣ ನಾಲಿಗೆಗೆ ಮುಟ್ಟಿಸುತ್ತಿದ್ದ. ಚುರ್ ಎಂದರೆ ಸೋಡಾ ಇನ್ನೂ ಇದೆ. ಸುಮ್ಮನಿದ್ದರೆ ಹದ ಬಂತು. ಹೀಗೆ ದಿನಕ್ಕೆ ಮೂವತ್ತು ನಲವತ್ತು ಸಲ. ಮೂರನೆಯ ವರ್ಷಕ್ಕೆ ಅವನ ನಾಲಿಗೆಗೆ ಉಪ್ಪು, ಖಾರ ಯಾವುದೂ ತಿಳಿಯದಾಯಿತು, ಸೋಡಾದ ಚುರುಕು ಒಂದೇ ತಿಳಿಯುತ್ತಿತ್ತು. ಸಕ್ರವ್ವನ ಬೆರಳ ತುದಿಗಳು ಬೇಯಿಸಿ ಸುಲಿದ ಗೆಣಸಿನ ಹಾಗೆ ನುಣುಪಾದವು. ರೊಟ್ಟಿ ಬಡಿಯುವಾಗ ಕೆಂಡದಂಥ ಹಂಚು ಮುಟ್ಟಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಕೈ ತೆಗೆಯುತ್ತಿದ್ದಳು.

ಸಾಬೂನಿನ ಮೇಲೆ ಒಂದು ಗುರುತು ಬೇಕಾಗಿತ್ತು. ಬೀರಣ್ಣ ಬಾರೀಗಿಡದ ತುಂಡಿನಲ್ಲಿ ಒಂದು ಟಗರನ್ನು ಕೆತ್ತಿದ. ರೋಗದಲ್ಲಿ ಸತ್ತ ತನ್ನ ಟಗರನ್ನೇ. ಬಲಗಡೆಯ ಕೊಂಬು ಸ್ವಲ್ಪ ಮುರಿದಿತ್ತು, ಅದನ್ನೂ ಹಾಗೆಯೇ ಕೆತ್ತಿದ. ಟಗರು ಸಾಬೂನು ಎಂಬ ಹೆಸರು ಹಾಗೆ ಬಂತು. ಬಬಲೇಶ್ವರದ ಸಂತೆಯಲ್ಲಿ ಮೊದಲು ಓಡಿತು. ಆಮೇಲೆ ಅರಕೇರಿ, ಮಮದಾಪುರ. ಆಮೇಲೆ ವಿಜಾಪುರದ ಅಂಗಡಿಗಳೇ ಕೇಳತೊಡಗಿದವು. ಇಂದಿಗೂ ಕಾಗದದ ಮೇಲೆ ಆ ಮುರಿದ ಕೊಂಬು ಇದೆ. ನೋಡಿ.

ಎಪ್ಪತ್ತಮೂರರಲ್ಲಿ ಒಂದು ಸಂತೆಯ ಮುಂಚಿನ ದಿನ ಸಾಹುಕಾರರು ಅವಸರ ಮಾಡಿದರು. ಬಬಲೇಶ್ವರಕ್ಕೆ ಹೆಚ್ಚಿನ ಮಾಲು ಹೋಗಬೇಕಾಗಿತ್ತು. ಸೋಡಾ ತುಂಬಿದ ಡ್ರಮ್ಮಿಗೇ ನೀರು ಸುರಿ ಎಂದರು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ದಿನಾ ಹಾಗೆಯೇ ಮಾಡುತ್ತಿದ್ದರೂ, ತಿರುಗಿಸಿ ಮಾಡಿದರೆ ಏನಾಗುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೀರಣ್ಣ ಬಗ್ಗಿ ಒಂದು ಕೊಡ ಸುರಿದ. ಡ್ರಮ್ಮು ಉಕ್ಕಿ ಅವನ ಮುಖಕ್ಕೆ ಹಾರಿತು.

ಆ ಕೂಗನ್ನು ನಾನು ಬರೆಸುವುದಿಲ್ಲ.

ಸಕ್ರವ್ವನೂ ನಾನೂ ಅವನನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದುಕೊಂಡು ಹೋದೆವು. ಸಾಹುಕಾರರು ಬಸ್ಸಿನ ಖರ್ಚು ಕೊಟ್ಟಿದ್ದರು. ಒಂದು ಮಾತೂ ಹೇಳಿ ಕಳಿಸಿದ್ದರು. ಮನೆಗೆ ಹಚ್ಚುವ ಸುಣ್ಣ ಬಿತ್ತು ಎಂದು ಹೇಳಬೇಕು. ಡಾಕ್ಟರು ಮೂರು ಸಲ ಕೇಳಿದರು. ಬೀರಣ್ಣ ಮೂರು ಸಲವೂ ಸುಣ್ಣ ಎಂದ. ಹೊರಗೆ ಬಂದ ಮೇಲೆ ಯಾಕಣ್ಣಾ ಸುಳ್ಳು ಹೇಳಿದಿ ಎಂದು ಬೈದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನು ನನಗೇ ತಿಳಿಹೇಳುವ ಹಾಗೆ ಅಂದ.

"ನಮ್ಮ ಕೊಪ್ಪರಿಗಿ ಮ್ಯಾಲ ನಾವ ಚಾಡಿ ಹೇಳೂಣೇನವಾ? ಕುರಿ ಹಾಯ್ದ್ರ ಕುರಿ ಮ್ಯಾಲ ಫಿರ್ಯಾದಿ ಕೊಡ್ತಾರೇನ?"

ಎರಡೂ ಕಣ್ಣು ಹೋದವು. ಒಂದು ತಿಂಗಳ ಮೇಲೆ ಅವನು ಮತ್ತೆ ಕೊಪ್ಪರಿಗೆಯ ಮುಂದೆ ನಿಂತಿದ್ದ. ತಿರುವಲು ಕಣ್ಣು ಬೇಕಿಲ್ಲ. ಹದಕ್ಕೆ ನಾಲಿಗೆ ಸಾಕು.

ಇನ್ನೂ ನಾಲ್ಕು ವರ್ಷ ಹೀಗೆ ನಡೆಯಿತು. ಸಾಹುಕಾರರು ಟೆಂಪೊ ತಂದರು. ಹೊಸ ಆಳುಗಳು ಬಂದರು, ಅವರಿಗೆಲ್ಲ ವಾರದ ಕೂಲಿ. ಸಕ್ರವ್ವ ಗಂಡನಿಗೆ ಆಗಾಗ ಹೇಳುತ್ತಿದ್ದಳು, ಒಂದು ಮಾತು ಕೇಳಿ ನೋಡು ಎಂದು. ಅವನು ಒಪ್ಪುತ್ತಿರಲಿಲ್ಲ. ಧಣಿ ತಾನಾಗಿ ದಿನ ಗೊತ್ತುಮಾಡಬೇಕು, ಕೇಳಿದರೆ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದ. ಸಾಹುಕಾರರಿಗೆ ಅವನ ಈ ಹಟ ಚೆನ್ನಾಗಿ ಗೊತ್ತಿತ್ತು. ಅವನು ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆರು ವರ್ಷ ಕಾರ್ಖಾನೆ ಬೆಳೆಯಿತು. ಇದು ನನಗೆ ಆಗ ಹೊಳೆಯಲಿಲ್ಲ.

ಎಪ್ಪತ್ತೇಳರಲ್ಲಿ ವಿಜಾಪುರದ ಹೊರಗೆ ಹೊಸ ಕಾರ್ಖಾನೆ ಎದ್ದಿತು. ಬ್ಯಾಂಕಿನ ಸಾಲ, ಸೊಲ್ಲಾಪುರದ ಒಬ್ಬ ವ್ಯಾಪಾರಿಯ ಪಾಲುದಾರಿಕೆ. ತಿರುವಲು ಮೋಟರು. ಹದ ನೋಡುವುದಕ್ಕೆ ಪ್ಯಾಂಟು ಹಾಕಿದ ಹುಡುಗ, ಕೈಯಲ್ಲಿ ಗಾಜಿನ ನಳಿಕೆ. ನನಗೆ ಅಲ್ಲಿ ಬರಹೇಳಿದ್ದರು. ಸುತ್ತುವ ಹೆಂಗಸರ ಮೇಲೆ ಮೇಲ್ವಿಚಾರಣೆ, ತಿಂಗಳ ಪಗಾರ. ಶಹಜಾದಿಯನ್ನು ವಿಜಾಪುರದ ಹೈಸ್ಕೂಲಿಗೆ ಹಾಕಿದೆ. ತಾಯಿ ಮಗಳು ಒಂದೇ ಬಸ್ಸಿಗೆ ತಿಕೋಟಾದಿಂದ ಹೋಗಿಬರುತ್ತಿದ್ದೆವು.

ಉದ್ಘಾಟನೆಗೆ ಬನ್ನಿ ಎಂದು ಬೀರಣ್ಣನಿಗೂ ಹೇಳಿಕಳಿಸಿದ್ದರು. ಅವನು ತಿಳಿದುಕೊಂಡದ್ದು ಒಂದೇ. ಧಣಿ ದಿನ ಗೊತ್ತುಮಾಡಿದರು. ಪಾಲು ಒಡೆಯುವ ದಿನ ಬಂತು.

ಸಕ್ರವ್ವ ಗಂಡನ ಧೋತರವನ್ನು ಟಗರು ಸಾಬೂನು ಹಚ್ಚಿ ಒಗೆದಳು. ಅವನು ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡ. ಸೊಂಟಕ್ಕೆ ಭಂಡಾರದ ಚೀಲ. ಇಬ್ಬರೂ ಹೊತ್ತೇರುವ ಮೊದಲೇ ಬಸ್ಸಿಗೆ ಬಂದರು. ಗೇಟಿನಲ್ಲಿ ಕಾವಲುಗಾರ ಅವರನ್ನು ತಡೆದ. ಹೊಸ ಆಳುಗಳ ಎದೆಯ ಮೇಲೆ ಟಗರಿನ ಬಿಲ್ಲೆ ಇತ್ತು. ಇವರ ಎದೆಯ ಮೇಲೆ ಏನೂ ಇರಲಿಲ್ಲ. ಹಿಂದುಗಡೆ ಎಲೆ ಎಸೆಯುವ ಜಾಗದ ಹತ್ತಿರ ಕೂಡಿಸಿದರು. ದೊಡ್ಡವರ ಊಟ ಮುಗಿದ ಮೇಲೆ ಅವರಿಗೆ ಬಡಿಸಿದರು. ಸಿಹಿ ಹೇಗಿದೆ ಎಂದು ಬೀರಣ್ಣ ಹೆಂಡತಿಯನ್ನು ಕೇಳುತ್ತಿದ್ದ. ಅವನ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಸಾಹುಕಾರರು ತಮ್ಮ ಕೋಣೆಗೆ ಕರೆಸಿದರು. ಬಂದವರಿಗೆ ಎಲೆಅಡಿಕೆ ಕೊಡಲು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಒಳಗಿನ ಮಾತೆಲ್ಲ ನನಗೆ ಕೇಳಿಸಿತು.

ಬೀರಣ್ಣ ನಿಂತೇ ಇದ್ದ. ಭಂಡಾರದ ಚೀಲ ಬಿಚ್ಚಿ ಮೇಜಿನ ಮೇಲೆ ಇಟ್ಟ. "ಸಾವಕಾರ್ರ, ಭಂಡಾರ ತಂದೇನ್ರಿ. ಪಾಲ ಒಡೀರಿ."

ಸಾಹುಕಾರರು ನಕ್ಕರು. "ಪಾಲ ಒಡೀಲಿಕ್ಕೆ ಇದು ಕುರಿ ಹಿಂಡೇನಲೇ ಬೀರಣ್ಣ?"

"ಕುರಿ ಹೆಂಗೋ ಹಂಗ ಅಂದಿದ್ರಿ. ಹಣೀಗೆ ಹಚ್ಚಿದ್ರಿ."

"ಹಚ್ಚಿದ್ದೆ. ಪೂಜಿ ದಿನ ಯಾರ ಹಣೀಗೆ ಹಚ್ಚೂದಿಲ್ಲ?"

ಆಮೇಲೆ ಸಾಹುಕಾರರು ಬಹಳ ಹೊತ್ತು ಮಾತಾಡಿದರು. ಹೊಲ ಒತ್ತೆಯಿಟ್ಟದ್ದು, ಅಣ್ಣತಮ್ಮಂದಿರು ಬಿಟ್ಟುಹೋದದ್ದು, ಬಡ್ಡಿ ಕಟ್ಟಿದ್ದು. ಎಲ್ಲ ನಿಜವೇ. ಆರು ವರ್ಷ ಇಬ್ಬರ ಹೊಟ್ಟೆಗೆ ಹಾಕಿದ್ದು ಯಾರು ಎಂದು ಕೇಳಿದರು. ಕಾರ್ಖಾನೆ ಮುಳುಗಿದ್ದರೆ ಲುಕ್ಸಾನದಲ್ಲಿ ನೀವು ಪಾಲು ಹೊರುತ್ತಿದ್ದಿರಾ ಎಂದು ಕೇಳಿದರು.

ಅಲ್ಲಿಯವರೆಗೆ ಸಕ್ರವ್ವ ಗೋಡೆಗೆ ಒರಗಿ ನಿಂತಿದ್ದಳು. ಮುಂದೆ ಬಂದಳು. ಗಂಡನ ಮುಖದ ಮೇಲಿನ ಅರಿವೆ ಸರಿಸಿದಳು. ಕಣ್ಣಿದ್ದ ಜಾಗದಲ್ಲಿ ಬಿಳಿ ಗುಂಡುಗಳು.

"ಇದ ಯಾರ ಲುಕ್ಸಾನರಿ ಸಾವಕಾರ್ರ?"

ಹೊರಗೆ ಮೋಟರಿನ ಸದ್ದು ಕೇಳುತ್ತಿತ್ತು.

ಗುಮಾಸ್ತ ಗುರುಪಾದಯ್ಯ ಒಂದು ತಟ್ಟೆ ತಂದಿಟ್ಟ. ಅದರಲ್ಲಿ ಒಂದು ಸೀರೆ, ಒಂದು ಶಾಲು, ಮುನ್ನೂರು ರೂಪಾಯಿ. ಪಕ್ಕದಲ್ಲಿ ಒಂದು ಕಾಗದ, ಮಸಿಯ ಡಬ್ಬಿ. ಕಾಗದ ಓದಿ ಹೇಳಿದ. ನಾವು ಬಸಗೊಂಡಪ್ಪನವರ ಕೊಟ್ಟಿಗೆಯಲ್ಲಿ ನೆರೆಹೊರೆಯವರಾಗಿ ಸಹಾಯ ಮಾಡಿದ್ದೇವೆ. ನಾವು ಆಳುಗಳಲ್ಲ, ಪಾಲುದಾರರೂ ಅಲ್ಲ. ನಮ್ಮದು ಏನೂ ಬರುವುದು ಬಾಕಿ ಇಲ್ಲ. ಕಣ್ಣಿಲ್ಲದವನ ಹೆಬ್ಬೆಟ್ಟು ನಡೆಯುವುದಿಲ್ಲ, ಇಬ್ಬರ ಪರವಾಗಿ ಹೆಂಡತಿ ಒತ್ತಬೇಕು ಎಂದೂ ಹೇಳಿದ.

ಸಕ್ರವ್ವ ಮಸಿಯ ಡಬ್ಬಿಯ ಮುಚ್ಚಳ ಹಾಕಿದಳು. ಮೆಲ್ಲಗೆ, ಅಡುಗೆಮನೆಯ ಡಬ್ಬಿ ಮುಚ್ಚಿದ ಹಾಗೆ.

"ಆಳ ಅಂದ್ರ ಆರ ವರ್ಷದ ಕೂಲಿ ಕೊಡ್ರಿ. ಪಾಲಿನವ್ರ ಅಂದ್ರ ಪಾಲ ಕೊಡ್ರಿ. ಎರಡೂ ಅಲ್ಲ ಅಂದ್ರ ನಾವೇನ್ ದನೇನ್ರಿ? ಈ ಸೀರಿ ಒಲ್ಲೆ."

ಗಂಡನ ಕೈ ಹಿಡಿದು ಹೊರಗೆ ನಡೆದಳು. ನನ್ನ ಮುಂದೆಯೇ ಹೋದರು. ನಾನು ಎಲೆಅಡಿಕೆಯ ತಟ್ಟೆ ಹಿಡಿದು ನಿಂತಿದ್ದೆ. ಗೇಟಿನವರೆಗೆ ಹೋದ ಮೇಲೆ ಭಂಡಾರದ ಚೀಲ ಮೇಜಿನ ಮೇಲೆಯೇ ಉಳಿದದ್ದು ಬೀರಣ್ಣನಿಗೆ ನೆನಪಾಯಿತು. ಸಕ್ರವ್ವ ಒಬ್ಬಳೇ ತಿರುಗಿ ಬಂದಳು. ಚೀಲ ತೆಗೆದುಕೊಂಡಳು, ಯಾರ ಮುಖವನ್ನೂ ನೋಡದೆ ಹೋದಳು. ಎಷ್ಟು ಹೊತ್ತು? ಒಂದು ಬೀಡಿ ಹಚ್ಚುವಷ್ಟು ಹೊತ್ತು. ಆ ಹೊತ್ತನ್ನು ನೆನಪಿಡಿ.

ಸಂಜೆ ಗುರುಪಾದಯ್ಯ ನನ್ನನ್ನು ಒಳಗೆ ಕರೆದ. ಕಾಗದ ಮೇಜಿನ ಮೇಲೆ ಹಾಗೆಯೇ ಇತ್ತು. ಅವನು ಕೆಟ್ಟ ಮನುಷ್ಯನಲ್ಲ. ನಾಳೆ ಸೊಲ್ಲಾಪುರದವರು ಕಾಗದಪತ್ರ ನೋಡುತ್ತಾರೆ, ಇದೊಂದು ಆಗದಿದ್ದರೆ ಎಲ್ಲ ನಿಲ್ಲುತ್ತದೆ, ನಿನ್ನ ಪಗಾರ, ನನ್ನ ಪಗಾರ ಎಲ್ಲ, ಎಂದ.

"ಆಕಿ ಒತ್ತಿದ್ರೂ ಬರೇ ಕರೇ ಮಸಿ ಬೀಳತಿತ್ತ ಮುನೀರಾ. ಆಕಿ ಬೆರಳಿನ್ಯಾಗ ಗೆರಿ ಉಳದಿಲ್ಲ. ನೀ ಬರೇ ಕಾಗದ ಸುತ್ತಿದಾಕಿ. ನಿನ್ನ ಗೆರಿ ಛಲೋ ಅದಾವ."

ನಾನು ನನ್ನ ಹೆಬ್ಬೆಟ್ಟು ನೋಡಿಕೊಂಡೆ. ಗೆರೆಗಳು ಇದ್ದವು. ಸುಳಿಸುಳಿಯಾಗಿ, ಹುಟ್ಟಿದಾಗ ಇದ್ದ ಹಾಗೆ. ಆರು ವರ್ಷ ಒಂದೇ ಕೊಟ್ಟಿಗೆಯಲ್ಲಿ ದುಡಿದಿದ್ದೆವು. ಅವಳದು ಅಳಿದಿತ್ತು, ನನ್ನದು ಉಳಿದಿತ್ತು. ಶಹಜಾದಿ ಹೊರಗೆ ಗೇಟಿನ ಹತ್ತಿರ ಪುಸ್ತಕದ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದಳು.

ಒತ್ತಿದೆ.

ಬಸ್ಸಿನಲ್ಲಿ ಸೆರಗಿನಿಂದ ಎಷ್ಟು ಒರೆಸಿದರೂ ಮಸಿ ಹೋಗಲಿಲ್ಲ. ಮನೆಯಲ್ಲಿ ಟಗರು ಸಾಬೂನು ಹಚ್ಚಿ ತೊಳೆದೆ. ಹೋಯಿತು. ಒಳ್ಳೆಯ ಸಾಬೂನು.

ಅವರು ಬಿಜ್ಜರಗಿಗೆ ಹೋಗಿ ಇದ್ದರು. ತಿಕೋಟಾದ ನಾಲ್ಕು ಮಂದಿ ಹಿರಿಯರಿಗೆ ಈ ಸುದ್ದಿ ತಿಳಿದು, ಬೀರಣ್ಣನಿಗೆ ಅನ್ಯಾಯವಾಗಿದೆ ಎಂದು ಸಾಹುಕಾರರಿಗೆ ಹೇಳಿಕಳಿಸಿದರು. ಸಾಹುಕಾರರು ತಾವು ಬರಲಿಲ್ಲ. ಕಾಗದ ಕೊಟ್ಟು ಗುರುಪಾದಯ್ಯನನ್ನು ಕಳಿಸಿದರು. ಅವನು ಊರ ಕಟ್ಟೆಯ ಮೇಲೆ ನಿಂತು ಓದಿದ. ಸಕ್ರವ್ವ ಹೆಬ್ಬೆಟ್ಟು ಒತ್ತಿದ್ದಾಳೆ, ಮುನ್ನೂರು ರೂಪಾಯಿ ತೆಗೆದುಕೊಂಡಿದ್ದಾಳೆ. ಹಿರಿಯರು ಕಾಗದವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಹೆಬ್ಬೆಟ್ಟು ಇದೆ, ಗೆರೆ ಇವೆ ಎಂದರು. ಎದ್ದು ಹೋದರು.

ಬೀರಣ್ಣ ಅಲ್ಲೇ ಕೂತಿದ್ದ, ಸಕ್ರವ್ವನನ್ನು ಕರೆದಿರಲಿಲ್ಲ. ಕಾಗದ ಅವನ ಕೈಗೂ ಬಂತು. ಅವನು ಅದನ್ನು ಸವರಿ ನೋಡಿ ಮುಂದಕ್ಕೆ ಕೊಟ್ಟ.

ಮನೆಗೆ ಹೋಗಿ ಹೆಂಡತಿಯನ್ನು ಒಂದೇ ಮಾತು ಕೇಳಿದನಂತೆ. "ರೊಕ್ಕ ಎಲ್ಲಿಟ್ಟಿ?"

ಸಕ್ರವ್ವ ಚೇಷ್ಟೆ ಎಂದುಕೊಂಡು ನಕ್ಕಳಂತೆ. ಆ ನಗುವನ್ನೇ ಅವನು ಹಿಡಿದುಕೊಂಡ. ಭಂಡಾರದ ಚೀಲ ತರುತ್ತೇನೆಂದು ನೀನು ಒಬ್ಬಳೇ ಯಾಕೆ ತಿರುಗಿ ಹೋದಿ ಎಂದ. ಅವಳು ಅತ್ತಳು, ದೇವರ ಆಣೆ ಇಟ್ಟಳು. ನನ್ನ ಬೆರಳಲ್ಲಿ ಗೆರೆ ಇಲ್ಲ ಎಂದು ಅವನ ಕೈಗೆ ತನ್ನ ಕೈ ಕೊಟ್ಟಳು. ಅವನು ಸವರಿದ. ಅವನ ಬೆರಳ ತುದಿಗಳೂ ಸತ್ತಿದ್ದವು. ಅವನಿಗೆ ಏನೂ ತಿಳಿಯಲಿಲ್ಲ.

ಅಂದಿನಿಂದ ಅವನು ಅವಳೊಡನೆ ಮಾತು ಬಿಟ್ಟ.

ನಾನು ರಜೆಯ ದಿನ ಬಿಜ್ಜರಗಿಗೆ ಹೋಗುತ್ತಿದ್ದೆ. ಹೋಗದೆ ಇರಲು ಆಗುತ್ತಿರಲಿಲ್ಲ. ಹೋಗಿ ಹೇಳಲೂ ಆಗುತ್ತಿರಲಿಲ್ಲ. ಇಂದು ಹೇಳುತ್ತೇನೆ ಎಂದು ಪ್ರತಿ ಸಲ ಬಸ್ಸು ಹತ್ತುತ್ತಿದ್ದೆ. ಸಕ್ರವ್ವ ಬಡಿದ ರೊಟ್ಟಿಯನ್ನು ಬೀರಣ್ಣ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಬೋರವ್ವ ಕೊಟ್ಟರೆ ತಿನ್ನುತ್ತಿದ್ದ. ನಾನು ಹೋದ ದಿನ ನನ್ನ ಕೈಯಿಂದ ತಿನ್ನುತ್ತಿದ್ದ. ನಾನು ರುಚಿ ತಿಳಿಯದ ಆ ಬಾಯಿಗೆ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ ಇಡುತ್ತಿದ್ದೆ. ಸಕ್ರವ್ವ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಒಂದು ಸಲ ಅವನು ನನ್ನ ಮಣಿಕಟ್ಟು ಹಿಡಿದು ಅಂದ.

"ನಿನ್ನ ಕೈ ಸ್ವಚ್ಛ ಐತಿ ಮುನೀರಾ. ಕೂಲಿ ಮಾಡಿದಿ, ಕೂಲಿ ತಿಂದಿ. ಯಾರ್ದೂ ಮಾರ್ಲಿಲ್ಲ."

ಆಗಲೂ ಹೇಳಲಿಲ್ಲ. ತುತ್ತು ಇಡುತ್ತಲೇ ಇದ್ದೆ. ಆ ಹೆಬ್ಬೆಟ್ಟು ಅವನ ತುಟಿಗೆ ತಾಗುತ್ತಿತ್ತು.

ಎಪ್ಪತ್ತೆಂಟರ ಶ್ರಾವಣದಲ್ಲಿ ಬೀರಣ್ಣ ತೀರಿಕೊಂಡ. ಕಡೆಯ ದಿನ ಸಕ್ರವ್ವ ಅವನ ಬಾಯಿಗೆ ನೀರು ಬಿಡಲು ಹೋದಳು. ಅವನು ಬಾಯಿ ತೆರೆಯಲಿಲ್ಲ. ನೀರು ಗಲ್ಲದ ಮೇಲಿಂದ ಕಂಬಳಿಗೆ ಇಳಿಯಿತು. ಊರ ಹೊರಗೆ, ಮೊದಲು ಕುರಿಹಟ್ಟಿ ಇದ್ದ ಜಾಗದ ಹತ್ತಿರ, ಮಣ್ಣು ಮಾಡಿದರು.

ಅವನು ಸಾಯುವ ಒಂದು ತಿಂಗಳು ಮೊದಲೇ ಸಕ್ರವ್ವ ವಿಜಾಪುರದಲ್ಲಿ ಕೂಲಿಕಾರರ ತಕರಾರು ಕೇಳುವ ಕಚೇರಿಗೆ ಅರ್ಜಿ ಹಾಕಿಸಿದ್ದಳು. ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವನಿಂದ ಬರೆಸಿದ್ದಳು. ರೊಕ್ಕ ಬೇಕು ಎಂದು ಬರೆಸಿರಲಿಲ್ಲ. ಆ ಹೆಬ್ಬೆಟ್ಟು ನನ್ನದಲ್ಲ ಎಂದು ಸರಕಾರ ನನ್ನ ಗಂಡನ ಮುಂದೆ ಹೇಳಬೇಕು. ಅಷ್ಟೇ ಬರೆಸಿದ್ದಳು. ವಿಚಾರಣೆಯ ದಿನ ಬರುವಷ್ಟರಲ್ಲಿ ಅವನು ಮಣ್ಣಾಗಿ ಹದಿನೈದು ದಿನ ಆಗಿತ್ತು.

ಕಾರ್ಖಾನೆಯ ಕಡೆಯ ಸಾಕ್ಷಿಯಾಗಿ ನನ್ನನ್ನು ಕರೆದುಕೊಂಡು ಹೋದರು. ಸಕ್ರವ್ವ ಒತ್ತಿದ್ದನ್ನು ನೋಡಿದೆ ಎಂದು ಹೇಳಬೇಕಾಗಿತ್ತು. ಟೆಂಪೊದಲ್ಲಿ ಮುಂದಿನ ಸೀಟಿನಲ್ಲಿ ಕೂಡಿಸಿದ್ದರು.

ಅಧಿಕಾರಿ ವಯಸ್ಸಾದವರು. ದನಿ ಎತ್ತದೆ ಮಾತಾಡುತ್ತಿದ್ದರು. ಸಕ್ರವ್ವ ಬೋಳು ಹಣೆಯಲ್ಲಿ ನಿಂತಿದ್ದಳು. ಇದು ನಿನ್ನದಲ್ಲವಾದರೆ ಯಾರದು ಎಂದು ಅಧಿಕಾರಿ ಕೇಳಿದರು. ಗೊತ್ತಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿದರು. ಸಾಹುಕಾರರು ನನ್ನನ್ನು ನೋಡಿದರು. ಗುರುಪಾದಯ್ಯ ನೆಲ ನೋಡಿದ. ಸಕ್ರವ್ವ ಮಾತ್ರ ನನ್ನನ್ನು ನಂಬಿಕೆಯಿಂದ ನೋಡುತ್ತಿದ್ದಳು. ಇವಳಾದರೂ ನಿಜ ಹೇಳುತ್ತಾಳೆ ಎಂಬ ನಂಬಿಕೆ ಅದು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಅದ ನಂದ್ರಿ ಸಾಹೇಬ್ರ," ಎಂದೆ.

ಮಸಿಯ ಡಬ್ಬಿ ತರಿಸಿದರು. ನಾನು ಬಿಳಿ ಕಾಗದದ ಮೇಲೆ ಒತ್ತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಸಾಹುಕಾರರ ಮುಖ ಸಣ್ಣದಾಯಿತು. ಗೆದ್ದೆವು ಎಂದು ನಾನು ಅಂದುಕೊಂಡೆ.

ಆದರೆ ಅಧಿಕಾರಿ ಸಕ್ರವ್ವನನ್ನು ಮುಂದಿನದು ಕೇಳಿದರು. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಇದೆಯೇ? ಇಲ್ಲ. ಎಂದಾದರೂ ಪಗಾರ ತೆಗೆದುಕೊಂಡಿದ್ದೀಯಾ? ಇಲ್ಲ, ನಾವು ಪಾಲಿನವರು. ಪಾಲಿನವರಾದರೆ ನೀವು ಕೂಲಿಕಾರರಲ್ಲ, ಈ ಕಚೇರಿಗೆ ಬರುವಂತಿಲ್ಲ. ಪಾಲಿನ ಕಾಗದವಿದ್ದರೆ ದಿವಾಣಿ ಕೋರ್ಟಿಗೆ ಹೋಗಬೇಕು. ಕಾಗದ ಇದೆಯೇ? ಇಲ್ಲ. ದುಡಿದದ್ದಕ್ಕೆ ಬೇರೆ ಏನಾದರೂ ದಾಖಲೆ ಇದೆಯೇ?

ಸಕ್ರವ್ವ ಮಸಿಯ ಡಬ್ಬಿ ಎಳೆದುಕೊಂಡಳು. ಹೆಬ್ಬೆಟ್ಟು ಅದ್ದಿದಳು. ನನ್ನ ಗುರುತಿನ ಪಕ್ಕದಲ್ಲೇ ಒತ್ತಿದಳು. ಅವಳ ಬೆರಳು ಬಿಟ್ಟದ್ದು ಒಂದು ಕರಿಯ ದುಂಡು. ಒಳಗೆ ಒಂದೂ ಗೆರೆ ಇಲ್ಲ. ಹತ್ತೂ ಬೆರಳನ್ನು ಹಾಗೆಯೇ ಒತ್ತುತ್ತ ಹೋದಳು. ಹತ್ತು ಕರಿಯ ದುಂಡುಗಳು.

"ಇದ ನನ್ನ ದಾಖಲಿರಿ," ಎಂದಳು.

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇದನ್ನು ಬರೆದುಕೊಳ್ಳಲು ನನ್ನ ಹತ್ತಿರ ಜಾಗ ಇಲ್ಲ ತಾಯಿ ಎಂದರು. ಅರ್ಜಿ ಮುಗಿಸಿದರು.

ನನ್ನ ಕೆಲಸ ಅಂದೇ ಹೋಯಿತು. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ಅದನ್ನು ನಾನು ಗಳಿಸಿರಲಿಲ್ಲ. ಈಗ ಮನೆಮನೆಗೆ ರೊಟ್ಟಿ ಬಡಿದು ಕೊಡುತ್ತೇನೆ. ಶಹಜಾದಿಯ ಶಾಲೆ ಇನ್ನೂ ನಡೆದಿದೆ.

ಕಚೇರಿಯಿಂದ ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದು ಬಂದೆವು. ಅವಳು ಮುಂದೆ, ನಾನು ಹಿಂದೆ. ಬೈಯಲಿ ಎಂದು ಕಾಯುತ್ತಿದ್ದೆ. ಹೊಡೆಯಲಿ ಎಂದು ಕಾಯುತ್ತಿದ್ದೆ. ತಿಕೋಟಾ ಬಸ್ಸು ಹತ್ತಿ ಪಕ್ಕದಲ್ಲೇ ಕೂತಳು. ಬಹಳ ದೂರ ಬಂದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಅಂದಳು.

"ಒಂದ ತಿಂಗಳ ಮದ್ಲ ಅಂದಿದ್ರ ಅಂವ ನನ್ನ ಕೈಲೆ ನೀರ ಕುಡೀತಿದ್ದ."

ಅಕ್ಕಾ, ನನ್ನದು ತಪ್ಪಾಯಿತು ಎಂದು ಅವಳ ಕಾಲಿಗೆ ಕೈ ಹಾಕಿದೆ. ಅವಳು ಕಾಲು ಎಳೆದುಕೊಂಡಳು.

"ನನಗ ಹೇಳಬ್ಯಾಡ. ನನಗ ಮದ್ಲ ಗೊತ್ತಿತ್ತ ಅದು ನಂದಲ್ಲಂತ. ಅಂವಗ ಹೇಳ ನಡಿ."

ತಿಕೋಟಾದಲ್ಲಿ ಇಳಿಯಲಿಲ್ಲ. ಬಿಜ್ಜರಗಿಯವರೆಗೂ ಹೋದೆವು. ಹೊತ್ತು ಇನ್ನೂ ಇತ್ತು. ಮಣ್ಣಿನ ಗುಡ್ಡೆ ಮಳೆಗೆ ಸ್ವಲ್ಪ ಕುಸಿದಿತ್ತು. ಮೇಲೆ ಯಾರೋ ಒಂದು ಕಲ್ಲು ಇಟ್ಟಿದ್ದರು. ಸಕ್ರವ್ವ ಸೊಂಟದಿಂದ ಅವನ ಭಂಡಾರದ ಚೀಲ ತೆಗೆದು ಒಂದು ಚಿಟಿಕೆ ಕಲ್ಲಿಗೆ ಹಚ್ಚಿದಳು. ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

ನಾನು ನಿಂತೆ. ಅಣ್ಣಾ, ಅದು ನನ್ನ ಹೆಬ್ಬೆಟ್ಟು, ಅಕ್ಕನದಲ್ಲ ಎಂದೆ. ನನಗೇ ಕೇಳಿಸಲಿಲ್ಲ.

ಸಕ್ರವ್ವ ಹಿಂದಿನಿಂದ ನನ್ನ ಭುಜ ಹಿಡಿದಳು. ಅವಳ ಬೆರಳ ತುದಿಗಳಲ್ಲಿ ಮಸಿ ಇನ್ನೂ ಹಾಗೆಯೇ ಇತ್ತು.

"ಜೋರ ಹೇಳ," ಎಂದಳು. "ಕಡೀ ಕಡೀಕ ಅಂವಗ ಕಿವೀನೂ ಸರಿ ಕೇಳತಿರಲಿಲ್ಲ."

ನಾನು ಜೋರಾಗಿ ಹೇಳಿದೆ.